ಹಣ್ಣಿನ ಕ್ರೀಮ್ ಮತ್ತು ಚೆನ್ನೈ ಬಿಸಿಲು

ಚೆನ್ನೈನ ಯಾವುದೇ ಸೂಪರ್ ಮಾರ್ಕೆಟ್‌ನಲ್ಲಿ ಫೇಸ್‌ವಾಶ್, ಕ್ರೀಮ್‌ಗಳ ಸಾಲಿನ ಮುಂದೆ ನಿಂತರೆ ಕೋಯಂಬೇಡಿನ ಹಣ್ಣಿನ ಮಾರುಕಟ್ಟೆಗೆ ಬಂದ ಹಾಗಾಗುತ್ತದೆ. ಪಪ್ಪಾಯ, ಕಿತ್ತಳೆ, ನಿಂಬೆ, ದಾಳಿಂಬೆ, ಕಲ್ಲಂಗಡಿ, ಸ್ಟ್ರಾಬೆರಿ. ಈಚೆಗೆ ಕಿವಿ, ಡ್ರ್ಯಾಗನ್ ಹಣ್ಣೂ ಸೇರಿಕೊಂಡಿವೆ. ಟ್ಯೂಬಿನ ಮೇಲೆ ಹೋಳು ಮಾಡಿದ ಹಣ್ಣಿನ ಚಿತ್ರ, ಅದರಿಂದ ತೊಟ್ಟಿಕ್ಕುವ ಒಂದು ಹನಿ ರಸ. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಚಿತ್ರ ಇದೇ.

ಸೌಂದರ್ಯ ಸಾಮಗ್ರಿ ತಯಾರಿಸುವ ಇಲ್ಲಿನ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ಊರು ಶಿರಸಿ ಕಡೆ. ಮನೆಯಿಂದ ಫೋನ್ ಬಂದಾಗಲೆಲ್ಲ ಯಾರಾದರೊಬ್ಬರು ಒಂದು ಕ್ರೀಮಿನ ಹೆಸರು ಹೇಳಿ ಕೇಳುತ್ತಾರೆ: "ಹಣ್ಣಿನದೇ ತಾನೆ, ಏನೂ ಆಗೋದಿಲ್ಲ ಅಲ್ವಾ?" ಚೆನ್ನೈನಲ್ಲಿ ನೆರೆಮನೆಯವರು ತಮಿಳಿನಲ್ಲಿ ಕೇಳುವುದೂ ಇದನ್ನೇ. ಎರಡೂ ಕಡೆ ಪ್ರಶ್ನೆಯೊಳಗೇ ಉತ್ತರ ಅಡಗಿದೆ. ತಿನ್ನುವ ವಸ್ತು ತಾನೆ, ಹಚ್ಚಿಕೊಂಡರೆ ಏನಾದೀತು ಎಂಬ ನಂಬಿಕೆ ಅದು.

ಆ ನಂಬಿಕೆ ಅರ್ಧ ಮಾತ್ರ ಸರಿ. ಹೊಟ್ಟೆಗೆ ಒಗ್ಗುವುದೆಲ್ಲ ಚರ್ಮಕ್ಕೆ ಒಗ್ಗಬೇಕೆಂದಿಲ್ಲ. ಯಾವ ಹಣ್ಣು, ಅದರ ಯಾವ ಭಾಗ, ಎಷ್ಟು ಪ್ರಮಾಣ, ಎಷ್ಟು ಹುಳಿ, ಹಚ್ಚಿಕೊಂಡ ಮೇಲೆ ಬಿಸಿಲಿಗೆ ಹೋಗುತ್ತೇವೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಣ್ಣಿನ ಚಿತ್ರ ಇವುಗಳಲ್ಲಿ ಒಂದನ್ನೂ ಹೇಳುವುದಿಲ್ಲ.

ಸೊನೆ ಕಂಡವರಿಗೆ ಹೊಸದೇನಲ್ಲ

ಈ ಮಾತು ಮಲೆನಾಡು, ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಬಾಯಿಯ ಅಂಚಿಗೆ ತಾಗಿ ಸುಟ್ಟು ಕಪ್ಪಾದ ಗುರುತು ಇಲ್ಲದ ಬಾಲ್ಯ ನಮ್ಮ ಕಡೆ ಅಪರೂಪ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ಹತ್ತಿದರೆ ಚರ್ಮ ಸುಲಿಯುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಇನ್ನೂ ಜೋರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಬಟ್ಟೆಯ ಗುರುತು ತಾಗುವ ಜಾಗದಲ್ಲೇ ತುರಿಕೆ, ಗುಳ್ಳೆ ಎದ್ದವು. ಕಾರಣ ಆ ಗುರುತಿನ ಕರಿಗೇರು ಶಾಯಿ ಎಂದು 1943ರಲ್ಲಿ ಅವರ ಸೇನಾ ವೈದ್ಯರು ವರದಿ ಮಾಡಿದರು.

ಮಾವು, ಗೇರು, ಕರಿಗೇರು ಮೂರೂ ಒಂದೇ ಸಸ್ಯಕುಟುಂಬದವು. ಅದೇ ಮಾವಿನ ತಿರುಳು ಬಹುತೇಕ ಜನರಿಗೆ ತೊಂದರೆ ಕೊಡುವುದಿಲ್ಲ. ವಾಟೆಯೊಳಗಿನ ಬೀಜದಿಂದ ತೆಗೆದ ಕೊಬ್ಬು ಕ್ರೀಮ್‌ಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಚ್ಚುವುದು ಸೊನೆ ಮತ್ತು ಸಿಪ್ಪೆ. ಹಾಗಾಗಿ "ಮಾವು ಇದೆ" ಎಂದರೆ ಸಾಲದು, ಮಾವಿನ ಯಾವ ಭಾಗ ಎಂದು ಕೇಳಬೇಕು.

ನಿಂಬೆಯ ಲೆಕ್ಕವೇ ಬೇರೆ

ಚೆನ್ನೈನಂಥ ಊರಿನಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ನಿಂಬೆಹಣ್ಣಿನ ಬಗ್ಗೆ. ನಮ್ಮ ವಸತಿ ಸಮುಚ್ಚಯದ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿದಂತೆ ನಿಂಬೆರಸಕ್ಕೆ ಜೇನು ಬೆರೆಸಿ ಮುಖಕ್ಕೆ ಹಚ್ಚಿಕೊಂಡು, ಅರೆಬರೆ ತೊಳೆದು, ಸ್ಕೂಟಿಯಲ್ಲಿ ಕಾಲೇಜಿಗೆ ಹೋದಳು. ಅವತ್ತು ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಕೆನ್ನೆಯಿಂದ ಕತ್ತಿನವರೆಗೆ ರಸ ಇಳಿದ ದಾರಿಯಲ್ಲೇ ಕೆಂಪು ಗೆರೆ, ಉರಿ. ಆಮೇಲೆ ಆ ಗೆರೆಗಳು ಕಂದುಗಪ್ಪಾಗಿ ತಿಂಗಳುಗಟ್ಟಲೆ ಉಳಿದವು. ಮನೆಯವರು ದೃಷ್ಟಿ, ಹುಳು ಹರಿದದ್ದು ಎಂದೆಲ್ಲ ಅಂದುಕೊಂಡಿದ್ದರು. ಚರ್ಮವೈದ್ಯರು ಗೆರೆಯ ಆಕಾರ ನೋಡಿಯೇ "ನಿಂಬೆ ಹಚ್ಚಿದ್ದೆಯೇನಮ್ಮ?" ಎಂದು ಕೇಳಿದರಂತೆ.

ಇದಕ್ಕೆ ಫೈಟೊಫೋಟೊಡರ್ಮಟೈಟಿಸ್ ಎಂಬ ಉದ್ದದ ಹೆಸರಿದೆ. ಸರಳವಾಗಿ ಹೇಳುವುದಾದರೆ ಸಸ್ಯರಸ ಮತ್ತು ಬಿಸಿಲು ಸೇರಿ ಆಗುವ ಸುಟ್ಟಗಾಯ. ನಿಂಬೆಜಾತಿಯ ಹಲವು ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರೊಕೌಮರಿನ್ ಎಂಬ ರಾಸಾಯನಿಕಗಳಿವೆ. ಕತ್ತಲಲ್ಲಿ ಇವು ಸುಮ್ಮನಿರುತ್ತವೆ. ಸೂರ್ಯನ ಅತಿನೇರಳೆ-ಎ ಕಿರಣ ಬಿದ್ದ ಕೂಡಲೇ ಚರ್ಮದ ಕೋಶಗಳಿಗೆ ಹಾನಿ ಮಾಡುತ್ತವೆ. ಇದು ಅಲರ್ಜಿಯಲ್ಲ, ಸಾಕಷ್ಟು ರಸ ಮತ್ತು ಸಾಕಷ್ಟು ಬಿಸಿಲು ಇದ್ದರೆ ಯಾರಿಗೆ ಬೇಕಾದರೂ ಆಗಬಹುದು. ಕೆಂಪಾಗುವುದು ಒಂದೆರಡು ದಿನ ತಡವಾಗಿ, ಆದ್ದರಿಂದ ನಿಂಬೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇಲ್ಲೊಂದು ಭಾಷೆಯ ತೊಡಕೂ ಇದೆ. ಪರದೇಶದ ವಿಡಿಯೊಗಳಲ್ಲಿ "ಲೆಮನ್" ಎನ್ನುವುದು ದಪ್ಪ ಸಿಪ್ಪೆಯ ದೊಡ್ಡ ಹಳದಿ ಹಣ್ಣು. ನಮ್ಮ ಸಂತೆಯ ತೆಳುಸಿಪ್ಪೆಯ ಪುಟ್ಟ ನಿಂಬೆ ಅವರ ಲೆಕ್ಕದಲ್ಲಿ "ಲೈಮ್". ಬಿಸಿಲಿನ ವಿಷಯದಲ್ಲಿ ಲೈಮ್ ಹೆಚ್ಚು ಅಪಾಯಕಾರಿ. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇಫ್ರಾ ಹಾಕಿರುವ ಮಿತಿಗಳಲ್ಲೇ ಇದು ಕಾಣುತ್ತದೆ. ಬಿಸಿಲು ಬೀಳುವ ಚರ್ಮದ ಮೇಲೆ ತೊಳೆಯದೆ ಬಿಡುವ ವಸ್ತುಗಳಲ್ಲಿ ಹಿಂಡಿ ತೆಗೆದ ಲೆಮನ್ ಸಿಪ್ಪೆಯ ಎಣ್ಣೆ ಶೇ 2ರವರೆಗೆ ಇರಬಹುದು. ಲೈಮ್ ಎಣ್ಣೆಗೆ ಶೇ 0.7 ಮಾತ್ರ. ಬರ್ಗಮಾಟ್ ಎಂಬ ಇನ್ನೊಂದು ನಿಂಬೆಜಾತಿಯ ಎಣ್ಣೆಗೆ ಶೇ 0.4. ಸಿಹಿ ಕಿತ್ತಳೆಯ ಎಣ್ಣೆಗೆ ಬಿಸಿಲಿನ ಕಾರಣದ ಇಂಥ ಮಿತಿ ಇಲ್ಲ. ವಿಡಿಯೊ ನೋಡಿ ನಾವು ಬಟ್ಟಲಿಗೆ ಹಿಂಡುವುದು ಅವರು ಹಿಂಡಿದ ಹಣ್ಣನ್ನಲ್ಲ.

ಬರ್ಗಮಾಟ್‌ನದು ಹಳೆಯ ಕಥೆ. ಆ ಎಣ್ಣೆ ಹಾಕಿದ ಕೊಲೋನ್ ಪೂಸಿಕೊಂಡು ಬಿಸಿಲಿಗೆ ಹೋದವರ ಕತ್ತಿನಲ್ಲಿ ಪದಕ ನೇತುಹಾಕಿದಂಥ ಕಪ್ಪು ಕಲೆಗಳು ಮೂಡುವುದನ್ನು 1916ರಷ್ಟು ಹಿಂದೆಯೇ ವೈದ್ಯರು ದಾಖಲಿಸಿದ್ದರು. ಇಂದು ಕಾರ್ಖಾನೆಗಳಲ್ಲಿ ಬಟ್ಟಿ ಇಳಿಸಿದ ಎಣ್ಣೆ ಬಳಸುವುದುಂಟು. ಫ್ಯುರೊಕೌಮರಿನ್‌ಗಳು ಆವಿಯಾಗಿ ಮೇಲೇರುವುದಿಲ್ಲ, ಪಾತ್ರೆಯಲ್ಲೇ ಉಳಿಯುತ್ತವೆ. ಅವುಗಳನ್ನು ತೆಗೆದುಹಾಕಿದ ಎಣ್ಣೆಯೂ ಮಾರಾಟಕ್ಕಿದೆ. ಐರೋಪ್ಯ ಒಕ್ಕೂಟದಲ್ಲಂತೂ ಸನ್‌ಸ್ಕ್ರೀನ್‌ಗಳಲ್ಲಿ ಫ್ಯುರೊಕೌಮರಿನ್ ಕಿಲೋಗೆ 1 ಮಿಲಿಗ್ರಾಮ್‌ಗಿಂತ ಕಡಿಮೆ ಇರಬೇಕು. ಹಾಗಾಗಿ ನಿಯಮ ಪಾಲಿಸುವ ಕಂಪನಿಯ ನಿಂಬೆ ಪರಿಮಳದ ಕ್ರೀಮಿಗಿಂತ ಅಡುಗೆಮನೆಯ ನಿಂಬೆಹೋಳೇ ಹೆಚ್ಚು ಅಪಾಯ. ಇದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಬಿಸಿಲಿಲ್ಲದಿದ್ದರೂ ನಿಂಬೆರಸ ಚರ್ಮಕ್ಕೆ ವಿಪರೀತ ಹುಳಿ. ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5, ನಿಂಬೆರಸದ್ದು ಸುಮಾರು 2. ಈ ಅಳತೆಯಲ್ಲಿ ಒಂದೊಂದು ಅಂಕಿ ಇಳಿದಂತೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಅಂದರೆ ಎರಡರ ನಡುವೆ ಸಾವಿರ ಪಟ್ಟು ಅಂತರ.

ಹಣ್ಣಿನ ಆಮ್ಲ ಎಂಬ ಮೃದು ಹೆಸರು

ಬ್ಯೂಟಿ ಪಾರ್ಲರ್‌ಗಳಲ್ಲಿ "ಫ್ರೂಟ್ ಪೀಲ್", ಸೀರಮ್ ಬಾಟಲಿಗಳ ಮೇಲೆ "ಫ್ರೂಟ್ ಆಸಿಡ್", "ಎಎಚ್‌ಎ" ಎಂದು ಬರೆದಿರುತ್ತದೆ. ನಿಂಬೆಯ ಸಿಟ್ರಿಕ್, ಸೇಬಿನ ಮ್ಯಾಲಿಕ್, ಹುಣಸೆ ಮತ್ತು ದ್ರಾಕ್ಷಿಯ ಟಾರ್ಟಾರಿಕ್, ಕಬ್ಬಿನ ಗ್ಲೈಕಾಲಿಕ್, ಹಾಲು ಹುಳಿತಾಗ ಬರುವ ಲ್ಯಾಕ್ಟಿಕ್ ಆಮ್ಲಗಳು ಈ ಗುಂಪಿನವು. ಚರ್ಮದ ಮೇಲಿನ ಸತ್ತ ಪದರವನ್ನು ಸಡಿಲಿಸಿ ಉದುರಿಸುವುದು ಇವುಗಳ ಕೆಲಸ. ಸರಿಯಾದ ಪ್ರಮಾಣದಲ್ಲಿದ್ದರೆ ಉಪಯುಕ್ತ. ಆದರೆ ಬಾಟಲಿಯಲ್ಲಿರುವುದು ಹಣ್ಣಿನಿಂದಲೇ ಬಂದದ್ದೆಂದು ಭಾವಿಸಬೇಕಿಲ್ಲ. ಜಗತ್ತಿನ ಸಿಟ್ರಿಕ್ ಆಮ್ಲದ ಬಹುಪಾಲನ್ನು ಸುಮಾರು 100 ವರ್ಷಗಳಿಂದ ಆಸ್ಪರ್‌ಜಿಲಸ್ ನೈಜರ್ ಎಂಬ ಬೂಷ್ಟಿಗೆ ಸಕ್ಕರೆ ತಿನ್ನಿಸಿ ತೊಟ್ಟಿಗಳಲ್ಲಿ ತಯಾರಿಸುತ್ತಿದ್ದಾರೆ. ಅದರಲ್ಲಿ ಮೋಸವೇನಿಲ್ಲ, ಅಣು ಒಂದೇ. ಹಣ್ಣಿನದಾದರೂ ತೊಟ್ಟಿಯದಾದರೂ ಚರ್ಮ ವ್ಯತ್ಯಾಸ ಮಾಡುವುದಿಲ್ಲ. ಅದು ನೋಡುವುದು ಪ್ರಮಾಣ ಮತ್ತು ಪಿಎಚ್ ಮಾತ್ರ.

ಅಮೆರಿಕದ ಪರಿಣತರ ಸಮಿತಿಯೊಂದು 1998ರಲ್ಲಿ ಇದಕ್ಕೆ ಗಡಿ ಹಾಕಿತು. ಮನೆಯಲ್ಲಿ ಬಳಸುವ ವಸ್ತುವಿನಲ್ಲಿ ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲ ಶೇ 10 ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗಿಳಿಯಬಾರದು, ಬಿಸಿಲಿನಿಂದ ರಕ್ಷಣೆಯ ಸೂಚನೆ ಇರಬೇಕು. ತರಬೇತಾದವರು ಸಲೂನಿನಲ್ಲಿ ಸ್ವಲ್ಪ ಹೊತ್ತು ಹಚ್ಚಿ ತೊಳೆಯುವುದಕ್ಕೆ ಶೇ 30, ಪಿಎಚ್ 3. ಅಲ್ಲಿನ ಎಫ್‌ಡಿಎ ಪ್ರಾಯೋಜಿಸಿದ ಅಧ್ಯಯನದಲ್ಲಿ, ನಾಲ್ಕು ವಾರ ಎಎಚ್‌ಎ ಹಚ್ಚಿಕೊಂಡವರ ಚರ್ಮ ಅತಿನೇರಳೆ ಕಿರಣಕ್ಕೆ ಕೆಂಪಾಗುವ ಪ್ರವೃತ್ತಿ ಶೇ 18ರಷ್ಟು ಹೆಚ್ಚಿತ್ತು. ಬಳಕೆ ನಿಲ್ಲಿಸಿದ ವಾರದೊಳಗೆ ಅದು ಮೊದಲಿನಂತಾಯಿತು. ಚೆನ್ನೈ ಬೇಸಿಗೆಯಲ್ಲಿ ಅತಿನೇರಳೆ ಸೂಚ್ಯಂಕ 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಕೊನೆಯ, ಅತಿ ತೀವ್ರ ದರ್ಜೆ. ಇಂಥ ಊರಿನಲ್ಲಿ ಬೆಳಿಗ್ಗೆ ಎಎಚ್‌ಎ ಹಚ್ಚಿ ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ನಿಲ್ಲುವುದು ಬೇಡ. ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆದು, ಸನ್‌ಸ್ಕ್ರೀನ್ ಹಾಕಬೇಕು.

ಪಪ್ಪಾಯದ ಸಂಗತಿ ಇನ್ನೊಂದು ಬಗೆ. ಪಪ್ಪಾಯಕಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಮಾಂಸವನ್ನು ಮೆತ್ತಗೆ ಮಾಡುತ್ತದೆ ಎಂದು ಅಡುಗೆಯವರಿಗೆ ಗೊತ್ತು. ಚರ್ಮವೂ ಪ್ರೋಟೀನೇ. ಪಪೈನ್ ಇದ್ದ ಗಾಯದ ಮುಲಾಮುಗಳಿಂದ ಕೆಲವರಿಗೆ ತೀವ್ರ ಅಲರ್ಜಿ, ರಕ್ತದೊತ್ತಡ ಕುಸಿತ ಉಂಟಾದ ವರದಿಗಳ ಮೇಲೆ, ಪರವಾನಗಿ ಪಡೆಯದ ಅಂಥ ಮುಲಾಮುಗಳನ್ನು 2008ರಲ್ಲಿ ಎಫ್‌ಡಿಎ ನಿಲ್ಲಿಸಿತು. ಅವು ಔಷಧಗಳು, ಫೇಸ್‌ವಾಶ್ ಅಲ್ಲ. ಆದರೂ ರಬ್ಬರ್ ಕೈಗವಸು, ಬಲೂನು ಮುಟ್ಟಿದರೆ ತುರಿಕೆಯಾಗುವವರು ಪಪ್ಪಾಯ, ಬಾಳೆ, ಆವಕಾಡೊ, ಕಿವಿ ಇರುವ ಕ್ರೀಮ್‌ಗಳ ಬಗ್ಗೆ ಹುಷಾರಾಗಿರಬೇಕು. ಲೇಟೆಕ್ಸ್ ಅಲರ್ಜಿ ಇದ್ದವರಲ್ಲಿ ಹಲವರಿಗೆ ಈ ಹಣ್ಣುಗಳೂ ಒಗ್ಗುವುದಿಲ್ಲ.

ಬಾಟಲಿಯೊಳಗೆ ಹಣ್ಣು ಎಷ್ಟು?

ಇಷ್ಟು ಓದಿ ಹಣ್ಣಿನ ಫೇಸ್‌ವಾಶ್ ಎಸೆಯಬೇಕಿಲ್ಲ. ಬಹುಪಾಲು ಬಾಟಲಿಗಳಲ್ಲಿ ಹಣ್ಣು ಇರುವುದೇ ಚಿಟಿಕೆಯಷ್ಟು. ಇದನ್ನು ಕಂಡುಹಿಡಿಯುವ ದಾರಿ ಕಾನೂನಿನಲ್ಲೇ ಇದೆ. 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆಯವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಇನ್ನು ಫಿನಾಕ್ಸಿಎಥೆನಾಲ್ ಎಂಬುದು ಬಹಳ ಕ್ರೀಮ್‌ಗಳಲ್ಲಿರುವ ಪ್ರಿಸರ್ವೇಟಿವ್, ಅದಕ್ಕೆ ಶೇ 1ರ ಮಿತಿ ಇದೆ. ಅದರ ಹೆಸರು ಬಂದ ಮೇಲೆ ಬರುವುದೆಲ್ಲ ಶೇ 1ರೊಳಗೆ. ನಿಮ್ಮ ದಾಳಿಂಬೆ ಅಥವಾ ಕಲ್ಲಂಗಡಿ ಅದರ ಕೆಳಗಿದ್ದರೆ, ನೀವು ದುಡ್ಡು ಕೊಟ್ಟದ್ದು ಹೆಚ್ಚಾಗಿ ಚಿತ್ರಕ್ಕೆ ಮತ್ತು ಪರಿಮಳಕ್ಕೆ.

ತೀರಾ ಸಣ್ಣ ಪೊಟ್ಟಣಗಳಲ್ಲಿ ಈ ಪಟ್ಟಿ ಸಿಗದಿರಬಹುದು, ಅವುಗಳಿಗೆ ವಿನಾಯಿತಿ ಇದೆ. ಶಾಂಪೂವನ್ನು ಸ್ಯಾಶೆಗೆ ತುಂಬಿ ಬಡವರ ಮನೆಗೆ ಮುಟ್ಟಿಸಿದವರು ಇದೇ ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್. ದೊಡ್ಡ ಉಪಕಾರ ಅದು. ಆದರೆ ಅಲರ್ಜಿ ಇರುವವರು ಒಮ್ಮೆ ದೊಡ್ಡ ಬಾಟಲಿಯ ಬೆನ್ನನ್ನು ಓದಿ, ಆಮೇಲೆ ಸ್ಯಾಶೆ ಕೊಳ್ಳುವುದು ಒಳ್ಳೆಯದು.

ಪರಿಮಳದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಕಿತ್ತಳೆ, ನಿಂಬೆಯ ವಾಸನೆಗೆ ಕಾರಣವಾದ ಲಿಮೊನೀನ್ ಹೊಸದಾಗಿದ್ದಾಗ ಹೆಚ್ಚೇನೂ ಮಾಡುವುದಿಲ್ಲ. ಗಾಳಿ ತಾಗಿ ಹಳತಾದಂತೆ ಅಲರ್ಜಿ ತರುವ ವಸ್ತುಗಳಾಗಿ ಬದಲಾಗುತ್ತದೆ. ಮುಚ್ಚಳ ಸಡಿಲವಾದ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ತಿಂಗಳುಗಟ್ಟಲೆ ಕಾದ ಕ್ರೀಮನ್ನು ದಿನಾಂಕ ಉಳಿದಿದೆ ಎಂದು ಮುಗಿಸಲು ಹೋಗಬೇಡಿ. ಬಣ್ಣ ಕಂದಾದ ವಿಟಮಿನ್ ಸಿ ಸೀರಮ್ ಕೂಡ ಕೆಟ್ಟಿದೆ ಎಂದೇ ಅರ್ಥ.

"ಪ್ರಿಸರ್ವೇಟಿವ್ ಇಲ್ಲ" ಎನ್ನುವವರ ಕ್ರೀಮ್

ನಮ್ಮ ಪ್ರಯೋಗಾಲಯದಲ್ಲಿ ಹಣ್ಣಿನ ಸಾರ ಬಂದಾಗ ಮೊದಲು ನೋಡುವುದು ಅದರಲ್ಲಿ ಬೆಳೆಯುವ ಸೂಕ್ಷ್ಮಾಣುಗಳನ್ನು. ನೀರು, ಸಕ್ಕರೆ, ಚೆನ್ನೈನ ಸೆಕೆ ಮೂರೂ ಸೇರಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸಾಮಾನ್ಯ ಕ್ರೀಮ್‌ಗೆ ಅಂತರರಾಷ್ಟ್ರೀಯ ಮಾನದಂಡದ ಮಿತಿ ಗ್ರಾಮಿಗೆ 1,000 ಸೂಕ್ಷ್ಮಾಣು, ಮಕ್ಕಳ ಮತ್ತು ಕಣ್ಣಿನ ಸುತ್ತಲಿನ ಕ್ರೀಮ್‌ಗೆ 100. ಪ್ರಿಸರ್ವೇಟಿವ್ ಇಲ್ಲದೆ ಹಣ್ಣಿನ ತಿರುಳನ್ನು ಡಬ್ಬಿಗೆ ತುಂಬಿ, ಮೊಬೈಲಿನಲ್ಲಿ ಜಾಹೀರಾತು ಹಾಕಿ ಮಾರುವ ಮನೆತಯಾರಿಕೆಯಲ್ಲಿ ಈ ಲೆಕ್ಕ ಯಾರು ಇಡುತ್ತಾರೆ? ಮೊಡವೆ ಒಡೆದ, ವ್ಯಾಕ್ಸ್ ಮಾಡಿಸಿದ ಚರ್ಮಕ್ಕೆ ಅದನ್ನು ಹಚ್ಚಿದರೆ ಸೋಂಕಿಗೆ ಬಾಗಿಲು ತೆರೆದಂತೆ.

"ಹಣ್ಣಿನಿಂದಲೇ ಬಂದ ಪ್ರಿಸರ್ವೇಟಿವ್" ಎಂಬ ಮಾತೂ ಕೇಳಿಬರುತ್ತದೆ. ದ್ರಾಕ್ಷಿಹಣ್ಣು, ಅಂದರೆ ಗ್ರೇಪ್‌ಫ್ರೂಟ್‌ನ ಬೀಜದ ಸಾರ ಹಾಗೆ ಹೆಸರಾಗಿತ್ತು. ಇದು ನಮ್ಮ ದ್ರಾಕ್ಷಿಯಲ್ಲ, ಚಕ್ಕೋತದ ಬಳಗದ ಹಣ್ಣು. 1999ರಲ್ಲಿ ಜರ್ಮನಿಯ ಸಂಶೋಧಕರು ಮಾರುಕಟ್ಟೆಯ ಆರು ಸಾರಗಳನ್ನು ಪರೀಕ್ಷಿಸಿದರು. ಸೂಕ್ಷ್ಮಾಣುಗಳನ್ನು ಕೊಂದ ಐದರಲ್ಲೂ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕೃತಕ ರಾಸಾಯನಿಕ ಸಿಕ್ಕಿತು. ಏನೂ ಬೆರೆಸದ ಆರನೆಯದಕ್ಕೆ ಕೊಲ್ಲುವ ಶಕ್ತಿಯೇ ಇರಲಿಲ್ಲ.

ಪ್ರಿಸರ್ವೇಟಿವ್ ಭಯ ಇನ್ನೊಂದು ಎಡವಟ್ಟನ್ನೂ ತಂದಿತು. ಪ್ಯಾರಬೆನ್ ಬೇಡವೆಂಬ ಕೂಗಿಗೆ ಹೆದರಿ ಹಲವು ಕಂಪನಿಗಳು ಮಿಥೈಲ್‌ಐಸೊಥಯಜೊಲಿನೋನ್ ಎಂಬುದಕ್ಕೆ ಬದಲಾದವು. ಅದರಿಂದ ಎಷ್ಟೊಂದು ಜನರಿಗೆ ಅಲರ್ಜಿಯಾಯಿತೆಂದರೆ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನು 2013ರ "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತು. ಅದೇ ಸಂಘ 2019ರಲ್ಲಿ ಪ್ಯಾರಬೆನ್‌ಗಳನ್ನು "ಅಲರ್ಜಿ ತಾರದ್ದು" ಎಂದು ಆರಿಸಿತು.

ಕಲೆಯ ಹಿಂದೆ ಬರುವ ಕ್ರೀಮ್

ನಿಂಬೆಯ ಒಂದು ಗೆರೆಗೆ ಇಷ್ಟೆಲ್ಲ ಮಾತೇಕೆ ಎಂದು ಕೇಳಬಹುದು. ನಮ್ಮ ಕಂದುಬಣ್ಣದ ಚರ್ಮದ ಸ್ವಭಾವವೇ ಕಾರಣ. ಸಣ್ಣ ಸುಟ್ಟಗಾಯ, ಸಣ್ಣ ಅಲರ್ಜಿ ಕೂಡ ವಾಸಿಯಾದ ಮೇಲೆ ಕಪ್ಪು ಕಲೆ ಬಿಟ್ಟುಹೋಗುತ್ತದೆ. ಬಿಸಿಲು ತಪ್ಪಿಸಿ ಕಾದರೆ ಅದು ತಿಳಿಯಾಗುತ್ತದೆ. ಆದರೆ ಮದುವೆ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಕಾಯುವವರು ಯಾರು? ಕಲೆ ತೆಗೆಯಲೆಂದು ಗೆಳತಿ ಹೇಳಿದ ಬಿಳುಪಿನ ಕ್ರೀಮ್ ಬರುತ್ತದೆ. ಅಸಲಿ ಅಪಾಯ ಶುರುವಾಗುವುದು ಅಲ್ಲಿಂದ.

ಔಷಧದಂಗಡಿಯ ಸ್ಟಿರಾಯ್ಡ್ ಮುಲಾಮು ಹಚ್ಚಿ ಮುಖ ಹಾಳುಮಾಡಿಕೊಂಡವರ ಸಂಖ್ಯೆ ಹೆಚ್ಚಿದಾಗ, ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಇನ್ನು ಪಾದರಸ. ಕೇರಳದ ಕೋಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು, 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲಿಗೆ ಬಂದ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಯ 22 ಪ್ರಕರಣಗಳನ್ನು ಪರಿಶೀಲಿಸಿದರು. 15 ಮಂದಿಯಲ್ಲಿ ನೆಲ್-1 ಎಂಬ ಅಪರೂಪದ ಬಗೆ ಕಂಡಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸುತ್ತಿದ್ದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರ ಕಾಯಿಲೆ ಇಳಿಯಿತು. ನಮ್ಮ ನಿಯಮದಂತೆ ಮುಖದ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ 1 ಪಾಲನ್ನು ಮೀರುವಂತಿಲ್ಲ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಡಬ್ಬಿಯ ಮೇಲೆ ಪಪ್ಪಾಯದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಒಳಗೆ ಏನಿದೆ ಎಂದು ಹೇಳುವವರಿಲ್ಲ.

ಮುರುಗಲು ತುಪ್ಪದ ಪಾಠ

ಹಾಗಾದರೆ ಹಣ್ಣಿನಿಂದ ಒಳ್ಳೆಯದೇನೂ ಇಲ್ಲವೇ? ಖಂಡಿತ ಇದೆ. ನಮ್ಮ ಕಡೆ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಹಚ್ಚುವ ಮುರುಗಲು ತುಪ್ಪ ಪುನರ್ಪುಳಿ ಹಣ್ಣಿನ ಬೀಜದ ಕೊಬ್ಬು. ಇಂದು ಅದೇ "ಕೋಕಂ ಬಟರ್" ಎಂಬ ಹೆಸರಿನಲ್ಲಿ ದುಬಾರಿ ಲಿಪ್‌ಬಾಮ್‌ಗಳಲ್ಲಿದೆ. ಕರಗಲು ಹೆಚ್ಚುಕಡಿಮೆ 40 ಡಿಗ್ರಿ ಬೇಕು, ಹಾಗಾಗಿ ಚೆನ್ನೈ ಸೆಕೆಯಲ್ಲೂ ಗಟ್ಟಿ ನಿಲ್ಲುತ್ತದೆ. ಅದರಲ್ಲಿ ಹಣ್ಣಿನ ಹುಳಿಯಿಲ್ಲ, ನೀರಿಲ್ಲದ ಕಾರಣ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯುವುದಿಲ್ಲ. ಹಿರಿಯರು ಪುನರ್ಪುಳಿಯ ರಸವನ್ನು ಸಾರಿಗೂ ಪಾನಕಕ್ಕೂ ಇಟ್ಟು, ಚರ್ಮಕ್ಕೆ ಬೀಜದ ತುಪ್ಪವನ್ನು ಮಾತ್ರ ಆರಿಸಿಕೊಂಡಿದ್ದರು. ಹಣ್ಣಿನ ಭಾಗ ನೋಡಿ ಬಳಸುವ ತಿಳಿವಳಿಕೆ ಅದು.

ಹೊಸ ಕ್ರೀಮ್ ತಂದರೆ ಮುಖಕ್ಕೆ ಹಚ್ಚುವ ಮೊದಲು ಮೊಳಕೈ ಒಳಮಗ್ಗುಲಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ವಾರದಿಂದ ಹತ್ತು ದಿನ ಹಚ್ಚಿ ನೋಡಿ. ತೊಳೆಯುವ ವಸ್ತುವಾದರೆ ಹೇಳಿದಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಇದರಿಂದ ಅಲರ್ಜಿ, ಉರಿ ಗೊತ್ತಾಗುತ್ತದೆ. ನಿಂಬೆಯ ಬಿಸಿಲುಗಾಯ ಮಾತ್ರ ಗೊತ್ತಾಗುವುದಿಲ್ಲ, ಏಕೆಂದರೆ ತೋಳಿನೊಳಗೆ ಮುಚ್ಚಿದ ಜಾಗಕ್ಕೆ ಬಿಸಿಲೇ ಬೀಳುವುದಿಲ್ಲ. ಆದ್ದರಿಂದ ನಿಂಬೆರಸವನ್ನು ಪರೀಕ್ಷಿಸುವ ಗೋಜೇ ಬೇಡ, ಮುಖಕ್ಕೆ ಹಚ್ಚದಿರುವುದೇ ಸರಿ. ಅಡುಗೆಮನೆಯಲ್ಲಿ ಬಹಳ ನಿಂಬೆ ಹಿಂಡಿದ ದಿನ ಹೊರಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಬಾಯಿಯ ಸುತ್ತ ಅಂಟಿದ ರಸವನ್ನೂ ತೊಳೆಸಿ.

ಏನಾದರೂ ಹಚ್ಚಿದ ಮೇಲೆ ಮುಖ ಕೆಂಪಾದರೆ ಮೊದಲು ಅದನ್ನು ನಿಲ್ಲಿಸಿ, ಡಬ್ಬಿ ಎಸೆಯದೆ ಚರ್ಮವೈದ್ಯರ ಬಳಿಗೆ ಒಯ್ಯಿರಿ. ಬ್ಯಾಚ್ ಸಂಖ್ಯೆಯಿರುವ ಡಬ್ಬಿ ಕೈಯಲ್ಲಿದ್ದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಲೂ ಆಗುತ್ತದೆ. ನಮ್ಮ ಸಮುಚ್ಚಯದ ಆ ಹುಡುಗಿಗೆ ವೈದ್ಯರು ಬರೆದುಕೊಟ್ಟದ್ದು ಸನ್‌ಸ್ಕ್ರೀನ್, ಕೊಡೆ ಮತ್ತು ತಾಳ್ಮೆ. ಬಿಳುಪಿನ ಕ್ರೀಮ್ ಒಂದೂ ಇಲ್ಲದೆ ಆರು ತಿಂಗಳಲ್ಲಿ ಗೆರೆ ಮಾಯವಾಯಿತು.